ಅತ್ತಿಗೆಯ ಎದೆಯಲ್ಲಿ ಮೈದುನನ ಮಾತ್ರೆ

ಕೋವಿಡ್ ಇಳಿದು ಆಸ್ಪತ್ರೆಗಳು ಮಾಮೂಲಿಗೆ ಮರಳಿದ ವರ್ಷ ನಾನು ಮೈಸೂರು ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯೆಯಾಗಿದ್ದೆ. ಮಂಗಳವಾರ ತಿ. ನರಸೀಪುರ, ಗುರುವಾರ ನಂಜನಗೂಡು, ಉಳಿದ ದಿನ ಬೇರೆ ತಾಲ್ಲೂಕುಗಳು. ಜೀಪಿನ ಹಿಂದಿನ ಸೀಟಿನಲ್ಲಿ ಔಷಧಿಯ ಡಬ್ಬಗಳ ಜೊತೆ ಒಂದು ಸಣ್ಣ ಇಸಿಜಿ ಯಂತ್ರವೂ ಓಡಾಡುತ್ತಿತ್ತು. ತಲೆಯ ಡಾಕ್ಟರಿಗೆ ಎದೆಯ ಯಂತ್ರ ಯಾಕೆ ಎಂದು ರೋಗಿಗಳು ಕೇಳುತ್ತಿದ್ದರು. ಕೆಲವು ಸಹೋದ್ಯೋಗಿಗಳೂ ಕೇಳುತ್ತಿದ್ದರು.

ಕಾರಣ ಸರಳ. ಕಿವಿಯಲ್ಲಿ ಇಲ್ಲದ ದನಿ ಕೇಳುವವರಿಗೆ, ವಿನಾಕಾರಣ ಸಂಶಯ ಪಡುವವರಿಗೆ ನಾವು ಕೊಡುವ ಆಂಟಿಸೈಕೋಟಿಕ್ ಔಷಧಿಗಳಲ್ಲಿ ಹಲವು ಹೃದಯದ ಮೇಲೂ ಕೆಲಸ ಮಾಡುತ್ತವೆ. ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ತನ್ನನ್ನು ಸಜ್ಜು ಮಾಡಿಕೊಳ್ಳಬೇಕು. ಬಡಿತ ಶುರುವಾದಲ್ಲಿಂದ ಈ ಸಜ್ಜು ಮುಗಿಯುವವರೆಗಿನ ಅವಧಿಗೆ ಇಸಿಜಿಯಲ್ಲಿ ಕ್ಯೂಟಿ ಅಂತರ ಎನ್ನುತ್ತೇವೆ. ಔಷಧಿಯಿಂದ ಅದು ಉದ್ದವಾಗಬಹುದು. ಐನೂರು ಮಿಲಿಸೆಕೆಂಡ್ ದಾಟಿದರೆ ಹೃದಯ ಲಯ ತಪ್ಪಿ ಮನುಷ್ಯ ನಿಂತಲ್ಲೇ ಬೀಳಬಹುದು, ಕೆಲವೊಮ್ಮೆ ಮೇಲೇಳದೆಯೂ ಇರಬಹುದು. ಕಾಗದದ ಮೇಲೆ ಮೊದಲೇ ಕಾಣುವ ಅಪಾಯವನ್ನು ನೋಡದೆ ಮಾತ್ರೆ ಬರೆಯುವುದು ನನಗೆ ಒಗ್ಗುತ್ತಿರಲಿಲ್ಲ.

ಇಲ್ಲಿ ಮೂವರ ಹೆಸರನ್ನು ಬದಲಿಸಿದ್ದೇನೆ. ಇಬ್ಬರದು ನಾನಾಗಿಯೇ ಬದಲಿಸಿದ್ದು. ಮೂರನೆಯವನದನ್ನು ಬದಲಿಸಲು ನನಗೆ ಸ್ವಲ್ಪವೂ ಮನಸ್ಸಿರಲಿಲ್ಲ; ಮೇಲ್ಮನವಿ ಬಾಕಿ ಇದೆ ಎಂದು ವಕೀಲರು ಹೇಳಿದ್ದರಿಂದ ಬದಲಿಸಿದೆ.

ಮಾದೇಶ ನರಸೀಪುರ ಕ್ಲಿನಿಕ್ಕಿನ ಹಳೆಯ ರೋಗಿ. ಮೂವತ್ತರ ಆಸುಪಾಸು, ಬಾಳೆಗೊನೆ ಕಡಿದು ಲಾರಿಗೆ ತುಂಬುವ ಕೆಲಸ. ಹ್ಯಾಲೋಪೆರಿಡಾಲ್ ಎಂಬ ಮಾತ್ರೆ ಅವನಿಗೆ ಚೆನ್ನಾಗಿ ಹಿಡಿಸಿತ್ತು. ಅದನ್ನು ನುಂಗುತ್ತಿದ್ದಾಗ ಅವನ ಕ್ಯೂಟಿ ನಾನೂರ ಐವತ್ತೈದರ ಬಳಿ ಇರುತ್ತಿತ್ತು. ಸ್ವಲ್ಪ ಹೆಚ್ಚೇ, ಆದರೆ ಹೆದರುವಂಥದ್ದಲ್ಲ. ಕೈ ಕೊಂಚ ಬಿಗಿಯುತ್ತಿತ್ತು, ಅದೂ ಆ ಮಾತ್ರೆಯ ಗುಣ. ಅವನನ್ನು ಕರೆತರುತ್ತಿದ್ದವಳು ಅಣ್ಣನ ಹೆಂಡತಿ ಮಂಜುಳ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಕ್ಲಿನಿಕ್ಕಿನ ದಿನಕ್ಕೆಂದು ವಾರದ ರಜೆಯನ್ನು ಮಂಗಳವಾರಕ್ಕೆ ಬದಲಿಸಿಕೊಂಡಿದ್ದಳು. ಚುರುಕಾದ ಕಣ್ಣು, ದೊಡ್ಡ ಗಂಟಲು. ಸರದಿಯಲ್ಲಿ ಯಾರಾದರೂ ಮುಂದೆ ನುಗ್ಗಿದರೆ ಅವಳ ಬಾಯಿಗೆ ಸಿಕ್ಕಿ ಹಿಂದೆ ಸರಿಯುತ್ತಿದ್ದರು. ಅವರ ಊರು ನಂಜನಗೂಡು–ನರಸೀಪುರ ರಸ್ತೆಯಲ್ಲಿ, ಎರಡು ಪಟ್ಟಣಕ್ಕೂ ಬಸ್ಸು ಸಿಗುವ ಜಾಗ.

ಇದ್ದಕ್ಕಿದ್ದಂತೆ ಮಂಜುಳ ಬರುವುದು ನಿಂತಿತು. ಅವಳ ಬದಲು ಗಂಡ ಲೋಕೇಶ ತಮ್ಮನನ್ನು ಕರೆತರತೊಡಗಿದ. ಕೋಳಿ ಫಾರಂ ಒಂದರಲ್ಲಿ ಸೂಪರ್‌ವೈಸರ್. ಇಸ್ತ್ರಿ ಮಾಡಿದ ಶರ್ಟು, ಮೆತ್ತಗಿನ ಮಾತು.

"ಅವ್ಳಿಗೇ ಈಗ ತಲೆ ಸರಿಯಿಲ್ಲ ಮೇಡಂ," ಎಂದ. "ಮಂಕಾಗಿ ಕೂತಿರ್ತಾಳೆ. ಇಬ್ಬರನ್ನೂ ನಾನೇ ನೋಡ್ಕಬೇಕು."

ಪಾಪ ಅನ್ನಿಸಿತು. ಅವಳನ್ನೂ ಕರೆದುಕೊಂಡು ಬನ್ನಿ ಎಂದೆ. ತರುತ್ತೇನೆ ಎಂದವನು ತರಲಿಲ್ಲ.

ಈ ನಡುವೆ ಮಾದೇಶ ಕೆಡತೊಡಗಿದ. ನಿದ್ದೆ ಹೋಯಿತು. ಗೋಡೆಯ ಜೊತೆ ಜಗಳ ಶುರುವಾಯಿತು. ಮಾತ್ರೆ ತಪ್ಪುತ್ತಿದೆಯೇ ಎಂದು ಕೇಳಿದರೆ ಲೋಕೇಶ ಎದೆ ಮುಟ್ಟಿಕೊಂಡು ಹೇಳುತ್ತಿದ್ದ: "ಒಂದು ದಿನಾನೂ ತಪ್ಪಿಸಿಲ್ಲ ಮೇಡಂ. ಕೈಯಾರೆ ನುಂಗಿಸ್ತೀನಿ." ನಾನು ಪ್ರಮಾಣವನ್ನು ಹೆಚ್ಚಿಸಿದೆ. ಹೆಚ್ಚು ಮಾತ್ರೆ ಅಂದರೆ ಹೆಚ್ಚು ಎಚ್ಚರ. ಎರಡು ವಾರ ಬಿಟ್ಟು ಮತ್ತೆ ಇಸಿಜಿ ತೆಗೆದೆ. ಕ್ಯೂಟಿ ಏರಬೇಕಿತ್ತು. ಅದು ನಾನೂರ ಐದಕ್ಕೆ ಇಳಿದಿತ್ತು. ಕೈ ಹಿಡಿದು ಮಡಚಿ ನೋಡಿದೆ. ಬಿಗಿತ ಪೂರ್ತಿ ಮಾಯವಾಗಿತ್ತು. ಮಾತ್ರೆ ಮುಟ್ಟಿಯೇ ಇಲ್ಲದವನ ಮೈ ಅದು.

"ಮಾದೇಶ, ಮಾತ್ರೆ ಉಗೀತಿದ್ದೀಯಾ?" ಎಂದು ಕೇಳಿದೆ.

"ಮಾತ್ರೆ ಎಲ್ಲಾ ಅತ್ಗೆಗೆ ಕನ ಡಾಕ್ಟ್ರವ್ವ," ಎಂದ ಅವನು. "ಅಣ್ಣ ಕುಟ್ತಾನೆ, ಕುಟ್ತಾನೆ..."

ಲೋಕೇಶ ನಕ್ಕುಬಿಟ್ಟ. "ನೋಡಿ ಮೇಡಂ, ಇಂಗೇ. ದಿನಕ್ಕೊಂದು ಕಥೆ." ತಮ್ಮನ ತೋಳು ಹಿಡಿದು ಎಬ್ಬಿಸಿದ. ಮುಂದಿನ ವಾರ ಮಾದೇಶನನ್ನು ಒಬ್ಬನೇ ಕೂರಿಸಿಕೊಂಡು ಮಾತಾಡಬೇಕೆಂದು ನಿರ್ಧರಿಸಿ ನಾನು ಮುಂದಿನ ರೋಗಿಯನ್ನು ಕರೆದೆ.

ಮುಂದಿನ ವಾರದವರೆಗೆ ಕಾಯಬೇಕಾಗಲಿಲ್ಲ. ಅದೇ ಗುರುವಾರ ನಂಜನಗೂಡಿನ ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಅಲ್ಲಿನ ಫಿಜಿಷಿಯನ್ ನನ್ನನ್ನು ಎಮರ್ಜೆನ್ಸಿ ಕೋಣೆಗೆ ಕರೆದರು. ಕಾರ್ಖಾನೆಯಲ್ಲಿ ಕುಸಿದುಬಿದ್ದ ಒಬ್ಬ ಹೆಂಗಸನ್ನು ಜೊತೆಯ ಕೆಲಸಗಾರ್ತಿಯರು ಹೊತ್ತು ತಂದಿದ್ದರು. "ಫಿಟ್ಸ್ ಅಂತಿದ್ದಾರೆ. ಮೊದಲಿಂದಲೂ ಮಾನಸಿಕ ಅಂತ ಗಂಡ ಫೋನಲ್ಲಿ ಹೇಳಿದ. ನೀವೊಮ್ಮೆ ನೋಡಿ."

ಮಂಚದ ಮೇಲಿದ್ದವಳ ಗುರುತು ನನಗೆ ಸಿಗಲಿಲ್ಲ. ಮುಖದ ಮಾಂಸವೆಲ್ಲ ಗಾರೆ ಮೆತ್ತಿದಂತೆ ಗಟ್ಟಿಯಾಗಿತ್ತು. ಕಣ್ಣು ಮಿಟುಕುವುದೂ ಅಪರೂಪ. ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು, ಬೆರಳುಗಳು ನಡುಗುತ್ತಿದ್ದವು. "ಮೇಡಂ, ನಾನು ಮಂಜುಳ," ಎಂದು ಅವಳೇ ಹೇಳಬೇಕಾಯಿತು. ಆ ದೊಡ್ಡ ಗಂಟಲಿನಿಂದ ಪಿಸುಮಾತಷ್ಟೇ ಬಂತು.

ಇಸಿಜಿ ತೆಗೆದೆವು. ಕ್ಯೂಟಿ ಐನೂರ ಅರವತ್ತು. ನೋಡುತ್ತಿರುವಂತೆಯೇ ಮಾನಿಟರಿನ ಗೆರೆ ಹಗ್ಗ ಹೊಸೆದಂತೆ ತಿರುಚಿಕೊಂಡಿತು, ಅವಳ ಕಣ್ಣು ಮೇಲಕ್ಕೆ ಹೋಯಿತು. ಕೆಲವು ಕ್ಷಣಗಳ ಬಳಿಕ ತಾನೇ ಸರಿಹೋಯಿತು. ಫಿಟ್ಸ್ ಅಲ್ಲವೇ ಅಲ್ಲ. ಹೃದಯ ಲಯ ತಪ್ಪಿ ಮೆದುಳಿಗೆ ರಕ್ತ ಹೋಗದೆ ಬೀಳುತ್ತಿದ್ದಳು. ಫಿಜಿಷಿಯನ್ ತಡಮಾಡದೆ ಮೆಗ್ನೀಸಿಯಂ ಚುಚ್ಚಿದರು, ಪೊಟ್ಯಾಸಿಯಂ ಹನಿಸಿದರು, ಮೈಸೂರಿಗೆ ಸಾಗಿಸಲು ಆಂಬುಲೆನ್ಸ್ ಕರೆಸಿದರು.

"ಏನು ಮಾತ್ರೆ ತಗೋತಿದ್ದೀಯಮ್ಮ?"

"ಕೆಮ್ಮಿಗೆ ಮೆಡಿಕಲ್ ಶಾಪಲ್ಲಿ ಕೊಟ್ಟಿದ್ರು. ಅದ್ನ ತಗಂಡು ಭೇದಿ ಹತ್ಕಂತು. ಬೇರೆ ಏನೂ ಇಲ್ಲ."

ಅವಳು ತೋರಿಸಿದ ಅಂಗಡಿಯ ಚೀಟಿಯಲ್ಲಿದ್ದದ್ದು ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್. ಅದೂ ಕ್ಯೂಟಿಯನ್ನು ಸ್ವಲ್ಪ ಎಳೆಯುತ್ತದೆ. ಭೇದಿಯಲ್ಲಿ ಪೊಟ್ಯಾಸಿಯಂ ಹೋದರೆ ಇನ್ನಷ್ಟು. ಆದರೆ ಇವೆರಡೇ ಇಷ್ಟು ದೂರ ಎಳೆಯುವುದಿಲ್ಲ. ಮುಖ ಕಲ್ಲಾಗಿಸುವುದೂ ಇಲ್ಲ. ಅವಳ ಮೊಣಕೈ ಹಿಡಿದು ಮಡಚಿದೆ. ಹಲ್ಲುಚಕ್ರ ತಿರುಗಿಸಿದಂತೆ ತಡೆತಡೆದು ಬಂತು. ಎರಡೇ ದಿನದ ಹಿಂದೆ ಮಾದೇಶನ ತೋಳಿನಲ್ಲಿ ನಾನು ಹುಡುಕಿ ಕಾಣದ ಬಿಗಿತ, ನಾನು ಹೆಚ್ಚಿಸಿದಷ್ಟೂ ಹೆಚ್ಚಿ, ಇವಳ ತೋಳಿನಲ್ಲಿತ್ತು.

ಆ ತೋಳನ್ನು ಮೆಲ್ಲಗೆ ಮಂಚದ ಮೇಲಿಟ್ಟೆ.

"ಮಂಜುಳ, ಮನೆಯಲ್ಲಿ ನಿನಗೆ ಯಾರಾದರೂ ಏನಾದರೂ ಮಾಡಿ ಕೊಡ್ತಾರಾ?"

ಅವಳು ಯೋಚಿಸಿದಳು. "ಇವ್ರೇ ದಿನಾ ಸಂಜೆ ರಾಗಿ ಮಾಲ್ಟ್ ಮಾಡ್ಕೊಡ್ತಾರೆ. ಮದ್ವೆ ಆದಾಗ್ಲಿಂದ ಒಂದು ಲೋಟ ನೀರು ಕೊಟ್ಟವ್ರಲ್ಲ. ನನ್ಗೆ ಸುಸ್ತು ಅಂತ, ಈಗ ಐದಾರು ತಿಂಗ್ಳಿಂದ..." ಮಾತು ಅರ್ಧಕ್ಕೇ ನಿಂತಿತು. ಗಾರೆಯಂಥ ಆ ಮುಖದಲ್ಲಿ ಕಣ್ಣೆರಡು ಮಾತ್ರ ನಿಧಾನವಾಗಿ ನನ್ನ ಕಡೆ ತಿರುಗಿದವು.

ನಾವು ರಕ್ತದ ಮಾದರಿ ತೆಗೆದು ಮುದ್ರೆ ಹಾಕಿದೆವು. ವಿಷಪ್ರಾಶನದ ಶಂಕೆ ಎಂದು ಪೊಲೀಸರಿಗೆ ವರದಿ ಕಳಿಸಿದೆವು. ಲೋಕೇಶ ಬರುವ ಹೊತ್ತಿಗೆ ಆಂಬುಲೆನ್ಸ್ ಹೊರಡುವುದರಲ್ಲಿತ್ತು. ಅವನು ಹೆಂಡತಿಯ ಕಡೆ ಒಮ್ಮೆ ನೋಡಿ ನೇರ ನನ್ನ ಬಳಿ ಬಂದ.

"ಮೇಡಂ, ಈಗ್ಲಾದ್ರೂ ಒಂದು ಸರ್ಟಿಫಿಕೇಟು ಬೇಕು. ಬುದ್ಧಿ ಸ್ಥಿಮಿತ ಇಲ್ಲ ಅಂತ."

"ಯಾತಕ್ಕೆ?"

"ಇರ್ಲಿ ಅಂತ. ಲಾಯರು ಕೇಳಿದ್ರು."

ಲಾಯರು ಯಾಕೆ ಕೇಳಿದರು ಎಂಬುದನ್ನು ಮಂಜುಳಳ ತಾಯಿ ಮೈಸೂರಿನಲ್ಲಿ ಹೇಳಿದರು. ಫಾರಂನಲ್ಲಿ ಲೆಕ್ಕ ಬರೆಯುವ ಹೆಂಗಸೊಬ್ಬಳೊಂದಿಗೆ ಅವನಿಗೆ ಸಂಬಂಧವಿತ್ತು. ವಿಚ್ಛೇದನಕ್ಕೆ ಸಹಿ ಹಾಕು ಎಂದಾಗ ಮಂಜುಳ ಪೆನ್ನು ಮುರಿದು ಬಿಸಾಡಿದ್ದಳಂತೆ. ಒಪ್ಪದ ಹೆಂಡತಿಯನ್ನು ಬಿಡಲು ಅವಳು ಹುಚ್ಚಿಯಾಗಬೇಕಿತ್ತು. ಮನೆಯಲ್ಲಿ ಮಾತ್ರೆ ಇತ್ತು. ಮಾತ್ರೆ ಬರೆದುಕೊಡಲು, ಸಾಲದಾದಾಗ ಹೆಚ್ಚಿಸಲು, ಸರ್ಕಾರದ ಜೀಪಿನಲ್ಲಿ ನಾನು ಬರುತ್ತಿದ್ದೆ.

ಹಲವು ವರ್ಷ ಈ ವೃತ್ತಿ ಮಾಡಿದ್ದೇನೆ. ರೋಗಿಗಳು ನನ್ನ ಮೇಲೆ ಉಗಿದಿದ್ದಾರೆ, ಒಬ್ಬ ಕುರ್ಚಿ ಎಸೆದಿದ್ದಾನೆ. ಯಾರ ಮೇಲೂ ನನಗೆ ದ್ವೇಷ ಬಂದಿರಲಿಲ್ಲ. ಅಂದು ಬಂತು. ಹೆಂಡತಿಯನ್ನು ಕೆಡಿಸಲು ಅವನು ನನ್ನ ಕೈಯನ್ನೇ ಸೌಟು ಮಾಡಿಕೊಂಡಿದ್ದ. ತಮ್ಮನಿಗೆ ಸಲ್ಲಬೇಕಾದ ನೆಮ್ಮದಿಯನ್ನೂ ಅದೇ ಸೌಟಿನಿಂದ ಮೊಗೆದುಕೊಂಡಿದ್ದ. ಅವನು ಸಿಕ್ಕಿಬೀಳುವುದಷ್ಟೇ ನನಗೆ ಸಾಲದೆನಿಸಿತು. ಸಿಕ್ಕಿಬಿದ್ದದ್ದು ತನಗೆ ಗೊತ್ತಾಗುವ ಗಳಿಗೆಯಲ್ಲಿ ಅವನ ಮುಖವನ್ನು ನಾನು ನೋಡಬೇಕಿತ್ತು.

ಮೈಸೂರಿನ ಹೃದ್ರೋಗ ವಾರ್ಡಿನಲ್ಲಿ ಮಂಜುಳಳ ಕ್ಯೂಟಿ ದಿನದಿಂದ ದಿನಕ್ಕೆ ಇಳಿಯಿತು. ನಾನು ಶನಿವಾರ ಹೋದಾಗ ದಿಂಬಿಗೊರಗಿ ಕೂತಿದ್ದಳು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಅಳಲಿಲ್ಲ.

"ಆ ಮಾತ್ರೆ ನಂಗೆ ಕೊಡಿ ಮೇಡಂ."

"ಯಾಕೆ?"

"ಅವ್ನ ಸಾರಿಗೆ ಆಕ್ತೀನಿ. ದಿನಾ ಸಂಜೆ. ಜೊಲ್ಲು ಸುರ್ಸ್ಕಂಡು ಬೀದೀಲಿ ನಿಂತ್ಕಬೇಕು. ಐಕ್ಳು ಕಲ್ಲು ಒಡೀಬೇಕು. ನಂಗೆ ಒಡ್ದವ್ರೆ."

ಕೊಡುವುದಿಲ್ಲ ಎಂದೆ. ಹೇಳಿದ್ದು ಸರಿಯೇ. ಆದರೆ ಹೇಳುವ ಮೊದಲು ಆ ಚಿತ್ರ ನನ್ನ ಕಣ್ಣಮುಂದೆ ಬಂದು ಹೋಯಿತು, ಬಂದದ್ದು ಹಿತವಾಗಿಯೇ ಇತ್ತು.

"ಅಂಗಾದ್ರೆ ನೀವೇನ್ ಮಾಡ್ತೀರಿ?" ಎಂದು ಕೇಳಿದಳು.

ರಕ್ತದ ವರದಿ ಬರಬೇಕು, ಆದರೆ ಅವಳೇ ಮೈದುನನ ಮಾತ್ರೆ ನುಂಗಿದಳು ಎಂದು ಅವನು ಹೇಳಬಹುದು, ಅವನ ಕೈಯಿಂದಲೇ ಬಂದದ್ದಕ್ಕೆ ಸಾಕ್ಷಿ ಬೇಕು ಎಂದು ವಿವರಿಸಿದೆ. ಮಂಜುಳ ತಾಯಿಯ ಕಡೆ ಕೈ ಚಾಚಿದಳು. "ಅವ್ವ, ಫೋನ್ ಕೊಡು."

ನಾನು ತಡೆದೆ. ಮೊದಲು, ಲೋಕೇಶನಿಗೆ ಸುಳಿವು ಕೊಡದೆ ತನಿಖೆ ಮಾಡುತ್ತಿದ್ದ ಸಬ್ ಇನ್‌ಸ್ಪೆಕ್ಟರ್‌ಗೆ ಹೇಳಿ ಒಪ್ಪಿಗೆ ಪಡೆದೆ. ಅವರೇ ಬಂದು ಪಕ್ಕದಲ್ಲಿ ನಿಂತ ಮೇಲೆ ಮಂಜುಳ ಗಂಡನಿಗೆ ಫೋನ್ ಮಾಡಿದಳು. ಹೊಸ ಮದುಮಗಳಂಥ ದನಿ ತೆಗೆದಳು. "ರೀ, ಇಲ್ಲಿ ಊಟ ಸೇರ್ತಾನೇ ಇಲ್ಲ ಕಣ್ರೀ. ನಿಮ್ಮ ಕೈಯಿನ ಮಾಲ್ಟು ಕುಡೀಬೇಕು ಅನ್ನಿಸ್ತದೆ. ತತ್ತೀರಾ?"

ಫೋನಿಟ್ಟವಳೇ ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಂಡಳು.

ಭಾನುವಾರ ಅವನು ಫ್ಲಾಸ್ಕ್ ತಂದ. ಆಮೇಲೆ ಕುಡಿಯುತ್ತೇನೆ ಎಂದು ಅವಳು ನಗುತ್ತ ತೆಗೆದುಕೊಂಡಳು. ಅವನು ಹೋದ ಕೂಡಲೇ ಇನ್‌ಸ್ಪೆಕ್ಟರ್ ಅದಕ್ಕೆ ಪಂಚರ ಎದುರು ಮುದ್ರೆ ಒತ್ತಿಸಿದರು. ನೆಲ ಗುಡಿಸುತ್ತಿದ್ದ ಆಯಾ ಒಬ್ಬಳು "ಎಂಥಾ ಗಂಡ ನೋಡವ್ವ!" ಎಂದು ಹೊಗಳಿದಳಂತೆ. ಅದನ್ನು ಮಂಜುಳ ಇಂದಿಗೂ ಹೇಳಿಕೊಂಡು ನಗುತ್ತಾಳೆ. ಆ ನಗು ಕೇಳಲು ಸುಖವಲ್ಲ.

ಮಂಗಳವಾರ ನರಸೀಪುರದ ಕ್ಲಿನಿಕ್ಕಿಗೆ ಲೋಕೇಶ ಮಾದೇಶನನ್ನು ಕರೆತಂದ. ಮಾದೇಶನ ತುಟಿ ಒಡೆದಿತ್ತು, ಶರ್ಟಿನ ಗುಂಡಿಗಳಿರಲಿಲ್ಲ. ನರ್ಸ್ ಅವನನ್ನು ಬೇರೆ ಕೋಣೆಗೆ ಕರೆದೊಯ್ದರು. ಮಾಮೂಲಿನಂತೆ ಮಾತಾಡಿಸಿ ಎಂದು ಇನ್‌ಸ್ಪೆಕ್ಟರ್ ನನಗೆ ಹೇಳಿದ್ದರು. ಅವರು ಮಫ್ತಿಯಲ್ಲಿ ಬಾಗಿಲ ಹೊರಗಿನ ಬೆಂಚಿನ ಮೇಲಿದ್ದರು.

"ಮಾತ್ರೆ ಇನ್ನೂ ಜಾಸ್ತಿ ಬರೀರಿ ಮೇಡಂ. ಸಾಲ್ತಿಲ್ಲ," ಎಂದ ಲೋಕೇಶ.

"ಬರೀಬಹುದು. ಅದಕ್ಕೆ ಮೊದಲು ರಕ್ತ ಪರೀಕ್ಷೆ ಮಾಡ್ಬೇಕು. ಮೈಯಲ್ಲಿ ಮಾತ್ರೆ ಎಷ್ಟಿದೆ ಅಂತ."

ಅವನು ತಲೆ ಎತ್ತಿದ. "ರಕ್ತದಲ್ಲಿ ಅದು ಗೊತ್ತಾಯ್ತದಾ?"

"ಗೊತ್ತಾಗತ್ತೆ. ನುಂಗಿದವರ ರಕ್ತದಲ್ಲಿ ಇರತ್ತೆ, ನುಂಗದವರಲ್ಲಿ ಇರಲ್ಲ. ರಕ್ತಕ್ಕೂ ಮುಂಚೆ ಇಲ್ಲಿ ಗೊತ್ತಾಗತ್ತೆ." ಮೇಜಿನ ಮೇಲೆ ಎರಡು ಇಸಿಜಿ ಹಾಳೆಗಳನ್ನು ಒಂದರ ಕೆಳಗೊಂದು ಹರಡಿದೆ. ಇಷ್ಟು ಹೇಳಿ ಇನ್‌ಸ್ಪೆಕ್ಟರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಚಿಕ್ಕ ಮಕ್ಕಳಿಗೆ ಪಾಠ ಹೇಳುವಂತೆ ನಿಧಾನವಾಗಿ, ಬೆರಳಿಟ್ಟು ತೋರಿಸುತ್ತ ಹೇಳಿದೆ. "ಇದು ನಿಮ್ಮ ತಮ್ಮಂದು. ಇಷ್ಟು ದೊಡ್ಡ ಡೋಸು ಬರೆದಿದ್ದೀನಿ, ಎದೆಗೆ ಒಂದು ಚೂರೂ ತಾಗಿಲ್ಲ. ಇದು ನಿಮ್ಮ ಹೆಂಡತೀದು. ನಾನು ಅವಳಿಗೆ ಒಂದು ಮಾತ್ರೆಯನ್ನೂ ಬರೆದಿಲ್ಲ. ಆದ್ರೆ ನೋಡಿ, ಇಲ್ಲಿಂದ ಇಲ್ಲೀತನಕ. ಇದು ನಿಮ್ಮ ತಮ್ಮನ ಎದೇಲಿ ಇರಬೇಕಾದ ಗೆರೆ. ಅವಳ ಎದೆಗೆ ಹೆಂಗೆ ಹೋಯ್ತು?"

ಬಣ್ಣ ಮೊದಲು ಅವನ ತುಟಿಯಿಂದ ಹೋಯಿತು, ಆಮೇಲೆ ಕೆನ್ನೆಯಿಂದ. ನಾನು ಕಣ್ಣು ಕೀಳದೆ ನೋಡಿದೆ. ಅದಕ್ಕೆಂದೇ ಶನಿವಾರದಿಂದ ಕಾದಿದ್ದೆ.

"ಸಾಯ್ಲಿ ಅಂತ ಕೊಟ್ಟಿಲ್ಲ ಮೇಡಂ," ಎಂದ ಕೊನೆಗೆ. "ಸುಮ್ನೆ ಮಂಕಾಗಿರ್ಲಿ ಅಂತ..."

ಇನ್‌ಸ್ಪೆಕ್ಟರ್ ಒಳಗೆ ಬಂದರು. ಆ ಬಾಯಿಮಾತು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತಿತ್ತೋ ಗೊತ್ತಿಲ್ಲ. ನಿಂತದ್ದು ಪ್ರಯೋಗಾಲಯದ ವರದಿ. ಮಂಜುಳಳ ರಕ್ತದಲ್ಲಿ ಹ್ಯಾಲೋಪೆರಿಡಾಲ್ ಇತ್ತು, ಫ್ಲಾಸ್ಕಿನಲ್ಲೂ ಇತ್ತು. ಅಂದೇ ತೆಗೆದ ಮಾದೇಶನ ರಕ್ತದಲ್ಲಿ ಲವಲೇಶವೂ ಇರಲಿಲ್ಲ.

ಮಂಜುಳ ಆಸ್ಪತ್ರೆಯಿಂದ ಗಂಡನ ಊರಿಗೆ ಹೋಗಲಿಲ್ಲ. ತಗಡೂರಿನ ತವರಿಗೆ ಹೋದಳು, ಮಾದೇಶನನ್ನೂ ಅಲ್ಲಿಗೇ ಕರೆಸಿಕೊಂಡಳು. ಮಾತ್ರೆ ಮತ್ತೆ ಹೊಟ್ಟೆ ಸೇರಿದ ಮೇಲೆ ಅವನು ತಿಂಗಳೊಳಗೆ ಗೆಲುವಾದ. ಗಂಡನ ಕಡೆಯ ಹಿರಿಯರು ರಾಜಿಗೆಂದು ತಗಡೂರಿಗೆ ಬಂದದ್ದನ್ನು ಅವಳ ತಾಯಿ ನನಗೆ ಹೇಳಿದರು. "ತಪ್ಪಾಗದೆ ಕಣವ್ವ. ಜೈಲಿಗೆ ಕಳಿಸಿ ನಿಂಗೇನ್ ಸಿಕ್ಕಾದು? ದೊಡ್ಡ ಮನಸ್ ಮಾಡು," ಎಂದರಂತೆ.

ಮಂಜುಳ ಎದ್ದು ನಿಂತಳಂತೆ. "ನಾನು ಜೊಲ್ಲು ಸುರ್ಸ್ಕಂಡು ನಿಮ್ಮ ಜಗ್ಲಿ ಮುಂದೆ ಓಗ್ತಿದ್ದಾಗ ನೀವೇ ಅಲ್ವಾ ಹುಚ್ಚಿ ಅಂತ ನಗ್ತಿದ್ದವ್ರು? ಅವ್ನಿಗೆ ಕ್ಷಮೆ ಬೇಕಾದ್ರೆ ದೇವ್ರ ತಾವ ಓಗ್ಲಿ. ನನ್ ತಾವ ಇಲ್ಲ."

ವಿಚಾರಣೆ ಎಳೆಯಿತು. ಒಂದು ವಾಯಿದೆಯನ್ನೂ ಅವಳು ತಪ್ಪಿಸಲಿಲ್ಲ. ಪ್ರತಿ ಸಲ ಒಳ್ಳೆಯ ಸೀರೆಯುಟ್ಟು, ಹೂ ಮುಡಿದು, ಅವನ ಕಣ್ಣಿಗೆ ಬೀಳುವ ಜಾಗದಲ್ಲೇ ಕೂರುತ್ತಿದ್ದಳು. ಇಷ್ಟೆಲ್ಲ ಅಲಂಕಾರ ಯಾಕೆಂದು ಒಮ್ಮೆ ಕೇಳಿದೆ. "ಮಂಕಾಗಿಲ್ಲ ಅಂತ ನೋಡ್ಲಿ," ಎಂದಳು.

ನನ್ನ ಪಾಟೀಸವಾಲಿನಲ್ಲಿ ಅವನ ವಕೀಲರು, ಯಂತ್ರ ತಪ್ಪು ತೋರಿಸಿರಬಹುದಲ್ಲವೇ ಎಂದು ಕೇಳಿದರು. ತೋರಿಸಬಹುದು, ಆದರೆ ನಂಜನಗೂಡಿನ ಯಂತ್ರವೂ ಮೈಸೂರಿನ ಯಂತ್ರವೂ ಮಾತಾಡಿಕೊಂಡು ಒಂದೇ ತಪ್ಪು ತೋರಿಸುವುದಿಲ್ಲ ಎಂದೆ. ಮಾದೇಶನ ಸಾಕ್ಷ್ಯ ಬೇಡ, ಅವನು ಮಾನಸಿಕ ರೋಗಿ ಎಂದು ಅವರು ಆಕ್ಷೇಪಿಸಿದರು. ನ್ಯಾಯಾಧೀಶರು ಅವನನ್ನು ತಾವೇ ಕೆಲವು ಪ್ರಶ್ನೆ ಕೇಳಿ ನೋಡಿ, ಹೇಳಲಿ ಎಂದರು. ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮಾದೇಶ ಅಣ್ಣನನ್ನೇ ನೋಡಿದ.

"ಅಣ್ಣ ಕುಟ್ಟಿ ಪುಡಿ ಮಾಡ್ತಿದ್ದ ಸಾ. ನಾನು ಎಲ್ರಿಗೂ ಏಳ್ದೆ. ಹುಚ್ಚ ಅಂದ್ರು."

ಲೋಕೇಶ ಮೊದಲ ಬಾರಿಗೆ ತಲೆ ತಗ್ಗಿಸಿದ್ದು ಆಗ. ಮತ್ತು ಬರಿಸುವ ವಸ್ತು ಉಣಿಸಿ ಹಾನಿ ಮಾಡಿದ ಅಪರಾಧಕ್ಕೆ ಅವನಿಗೆ ಏಳು ವರ್ಷ ಶಿಕ್ಷೆಯಾಯಿತು. ತೀರ್ಪಿನ ದಿನ ಪೊಲೀಸ್ ವ್ಯಾನ್ ಹತ್ತುವ ಮುನ್ನ ಅವನು ಹೆಂಡತಿಯ ಕಡೆ ತಿರುಗಿ ಏನೋ ಹೇಳಲು ಹೋದ. ಮಂಜುಳ ಅವನಿಗೆ ಬೆನ್ನು ಹಾಕಿ, ಮಾದೇಶನಿಗೆ ಟೀ ಕುಡಿಯುತ್ತೀಯಾ ಎಂದು ಕೇಳಿದಳು. ಅಷ್ಟು ಚೆಂದದ ಬೆನ್ನನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವಳ ಹೃದಯ ಈಗ ನೆಟ್ಟಗಿದೆ. ಕಾರ್ಖಾನೆಯ ಕೆಲಸಕ್ಕೆ ಮರಳಿದ್ದಾಳೆ. ಗಂಟಲೂ ಮರಳಿದೆ. ಕಳೆದ ಸಲ ತಪಾಸಣೆಗೆ ಬಂದಾಗ ಕೇಳಿದಳು: "ಅವ್ನು ಬಿಡುಗಡೆ ಆಗೋ ದಿನ ನಂಗೆ ಮೊದ್ಲೇ ತಿಳಿಸ್ತಾರಾ ಮೇಡಂ?"

"ಹೆದರಿಕೆನಾ?"

"ನಂಗಾ? ಗೇಟ್ ಮುಂದೆ ನಿಂತ್ಕಬೇಕು. ಮೊದ್ಲು ನನ್ ಮೊಕಾನೇ ಕಾಣ್ಬೇಕು ಅವ್ನಿಗೆ."

ಮನೋವೈದ್ಯೆಯಾಗಿ ನಾನು ಹೇಳಬೇಕಾದ ಮಾತುಗಳಿದ್ದವು. ಸಿಟ್ಟನ್ನು ಇಳಿಸು, ಮರೆತು ಮುಂದೆ ಸಾಗು, ನಿನ್ನ ಆರೋಗ್ಯಕ್ಕೆ ಒಳ್ಳೆಯದು. ಎಷ್ಟೋ ಜನರಿಗೆ ಹೇಳಿದ್ದೇನೆ. ಅವಳಿಗೆ ಹೇಳಲು ಬಾಯಿ ಬರಲಿಲ್ಲ, ಯಾಕೆಂದರೆ ನಾನೂ ಮರೆತಿರಲಿಲ್ಲ. ವೈದ್ಯರ ಎದೆಯಲ್ಲಿ ಸೇಡಿಗೆ ಜಾಗವಿರಬಾರದು ಎಂದು ಕಲಿತಿದ್ದೆ. ಇತ್ತು. ಅದನ್ನು ಸಾರಿಗೆ ಹಾಕದೆ, ಮುದ್ರೆ ಒತ್ತಿ ಪ್ರಯೋಗಾಲಯಕ್ಕೆ ಕಳಿಸುವಷ್ಟು ತಾಳ್ಮೆ ನಮ್ಮಿಬ್ಬರಿಗೂ ಇತ್ತು, ಅಷ್ಟೇ.

ಈ ಪ್ರಕರಣ ನನಗೆ ಕಲಿಸಿದ್ದು ಇದು: ಮಾತ್ರೆ ಯಾರ ಹೆಸರಿಗೆ ಬರೆದೆವೋ ಅವರ ಬಾಯಿಗೇ ಹೋಯಿತೆಂದು ತಿಳಿಯಬಾರದು. ಔಷಧಿ ಹೆಚ್ಚಿಸಿದರೂ ಹೃದಯದ ಗೆರೆ ಕದಲದಿದ್ದರೆ ಸಂತೋಷಪಡುವ ಮೊದಲು ಸಂಶಯಪಡಬೇಕು. ಈಗ ನಾನು ಪ್ರತಿ ರೋಗಿಯನ್ನೂ ಮೊದಲು ಒಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತೇನೆ. ಜೊತೆಗೆ ಬಂದವರು ಹೊರಗೆ. ಕೆಲವರಿಗೆ ಅವಮಾನವಾಗುತ್ತದೆ. "ಕೈಯಾರೆ ಕೊಡ್ತೀವಿ ಮೇಡಂ, ನಮ್ಮ ಮೇಲೇ ಅನುಮಾನವಾ?" ಎಂದು ಕೇಳುತ್ತಾರೆ.

ಹೌದು ಎನ್ನುತ್ತೇನೆ. ಎದ್ದು ಬಾಗಿಲು ಹಾಕಿಕೊಳ್ಳುತ್ತೇನೆ.